ಅಕ್ಕನ ಎಂಟು ಗುಂಟೆ ಕನಕಾಂಬರ

ಕೊಂಡುಕೊಳ್ಳುವವರಿಲ್ಲವೆಂದು ಕನಕಾಂಬರವನ್ನು ಕೊಯ್ಯದೆ ಬಿಡುವಂತಿಲ್ಲ. ಬಿಟ್ಟರೆ ತೆನೆ ಬೀಜ ಕಟ್ಟುತ್ತದೆ. ಬೀಜಕ್ಕೆ ಬಿದ್ದ ಗಿಡ ಹೂವಿನ ಗೊಡವೆ ಬಿಡುತ್ತದೆ. ಈ ಸಂಗತಿ ನನಗೆ ತಿಳಿದದ್ದು ಐವತ್ತರ ಸಮೀಪದಲ್ಲಿ, ಮೊದಲ ಲಾಕ್‌ಡೌನಿನ ಬೇಸಿಗೆಯಲ್ಲಿ, ಅಕ್ಕನಿಂದ. ಅಲ್ಲಿಯವರೆಗೆ ನಾನು ಶ್ರೀರಂಗಪಟ್ಟಣದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಪಾಂಡವಪುರ ತಾಲ್ಲೂಕಿನ ನಾಲೆಯಂಚಿನ ನಮ್ಮೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಹೋಗಿ, ಸಂಜೆ ಕಡೆಯ ಬಸ್ಸಿಗೆ ಮರಳುತ್ತಿದ್ದ ನನಗೆ ನಮ್ಮ ಜಮೀನೆಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಹಸಿರು ಪಟ್ಟಿ ಮಾತ್ರ.

ಶಾಲೆ ಮುಚ್ಚಿತು. ಬಸ್ಸು ನಿಂತಿತು. ಮನೆಯಲ್ಲಿ ಕುಳಿತು ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ವರ್ಷವಾರು ಜೋಡಿಸಿದೆ, ಅದೂ ಮುಗಿಯಿತು. ಒಂದು ಬೆಳಿಗ್ಗೆ ಸುಮ್ಮನೆ ನಾಲೆಯ ಕಡೆ ನಡೆದುಹೋದೆ. ಅಲ್ಲಿ ನಮ್ಮ ಜಮೀನಿನ ಮೂಲೆಯಲ್ಲಿ ಅಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಮಂಡಿಯೆತ್ತರದ ಗಿಡಗಳ ನಡುವೆ ಒಬ್ಬಳೇ ಹೂ ಬಿಡಿಸುತ್ತಿದ್ದಳು.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ಹಿರಿಯಳು. ಅವಳನ್ನು ಕೊಟ್ಟದ್ದು ಇದೇ ಊರಿನ ಮೇಲಿನ ಬೀದಿಗೆ. ಮದುವೆಯಾದ ಮಾರನೆಯ ವಾರ ಅಪ್ಪ ಅವಳನ್ನು ಗದ್ದೆಗೆ ಕರೆದುಕೊಂಡು ಹೋಗಿ, ನಾಲೆಯ ಪಕ್ಕದ ಎಂಟು ಗುಂಟೆಯ ಪಟ್ಟೆಯನ್ನು ತೋರಿಸಿ, "ಇದು ನಿನ್ನ ಅರಿಶಿನ ಕುಂಕುಮಕ್ಕೆ ಕಣವ್ವ" ಎಂದರಂತೆ. ಮಗಳು ತನ್ನ ಸಣ್ಣಪುಟ್ಟ ಖರ್ಚಿಗೆ ಗಂಡನ ಮುಂದೆ ಕೈಯೊಡ್ಡದಿರಲೆಂದು ನಮ್ಮ ಕಡೆ ಅನುಕೂಲವಿದ್ದವರು ಹಾಗೆ ಕೊಡುವುದುಂಟು. ಅದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಪಹಣಿಯಲ್ಲಿ ಆ ಪಟ್ಟೆ ಅಪ್ಪನ ಹೆಸರಿನಲ್ಲೇ ಉಳಿಯಿತು. ಅಪ್ಪ ಹೋದ ಮೇಲೆ ಉಳಿದೆಲ್ಲ ಜಮೀನಿನೊಂದಿಗೆ ನನ್ನ ಹೆಸರಿಗೆ ಬಂತು. ಆದರೆ ಉಳುವವನು ಕೂಡ ಆ ಮೂಲೆಗೆ ನೇಗಿಲು ಇಳಿಸುವ ಮೊದಲು ಅಕ್ಕನನ್ನು ಕೇಳುತ್ತಿದ್ದನೇ ಹೊರತು ನನ್ನನ್ನಲ್ಲ. ಅವಳು ನಾಗಮಂಗಲದ ಬಿಂಡಿಗನವಿಲೆಯಲ್ಲಿದ್ದ ಬಾವನ ನೆಂಟರ ಮನೆಯಿಂದ ಕನಕಾಂಬರದ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ನೆಟ್ಟಿದ್ದಳು. ಗಿಡ ಮುದಿಯಾದಾಗಲೆಲ್ಲ ಕಿತ್ತು ಹೊಸದನ್ನು ಹಾಕಿ, ನಲವತ್ತು ವರ್ಷಗಳಿಂದ ಅದನ್ನೇ ಬೆಳೆಯುತ್ತ ಬಂದಿದ್ದಳು. ಬಾವ ಮಾತ್ರ ಅದನ್ನು ಬೇಸಾಯವೆಂದು ಒಪ್ಪಿದವರಲ್ಲ. "ನಮ್ಮನೆಯವ್ಳ ಜಡೆ ಕರ್ಚು" ಎಂದು ಎಲ್ಲರೆದುರು ನಗುತ್ತಿದ್ದರು.

ಆ ಬೆಳಿಗ್ಗೆ ನಾನು ಬದುವಿನ ಮೇಲೆ ನಿಂತದ್ದನ್ನು ಕಂಡು ಅಕ್ಕ ತಲೆಯೆತ್ತಿದಳು.

"ಏನ್ಲಾ ಮೇಷ್ಟ್ರೇ, ದಾರಿ ತಪ್ಪಿ ಬಂದ್ಬುಟ್ಟಾ?"

"ಮಾರಾಟವೇ ಇಲ್ಲವಲ್ಲ ಅಕ್ಕಾ. ಯಾಕೆ ಬಿಡಿಸುತ್ತಿದ್ದೀ?"

"ಗಿಡಕ್ಕೇನ್ ಗೊತ್ತದೆ ಲಾಕ್‌ಡೌನು? ಬಾ, ಕುಂತ್ಕ. ಸುಮ್ಕೆ ನಿಂತ್ಕಂಡು ಪಾಠ ಮಾಡಬ್ಯಾಡ."

ಹೀಗೆ ನಾನು ಹೂ ಬಿಡಿಸುವುದಕ್ಕೆ ಕುಳಿತೆ. ದೇವಸ್ಥಾನಗಳಿಗೆ ಬೀಗ ಬಿದ್ದಿತ್ತು, ಮದುವೆಗಳು ಮುಂದಕ್ಕೆ ಹೋಗಿದ್ದವು, ಮೈಸೂರಿನ ಹೂವಿನ ಮಾರುಕಟ್ಟೆಗೆ ಹೋಗುವ ಗಾಡಿಗಳಿರಲಿಲ್ಲ. ದಿನ ಬಿಟ್ಟು ದಿನ ಬುಟ್ಟಿ ತುಂಬ ಹೂ ಬಿಡಿಸಿ ಏನು ಮಾಡುವುದು? ಹೂವನ್ನು ತಿಪ್ಪೆಗೆ ಹಾಕುವಂತಿಲ್ಲ, ಜನ ತುಳಿಯುವ ಕಡೆ ಚೆಲ್ಲುವಂತಿಲ್ಲ. ಹರಿಯುವ ನೀರಿಗೆ ಬಿಡಬೇಕು. ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಂದಿತ್ತು. ಸೋಪಾನದ ಮೇಲೆ ನಿಂತು ಅಕ್ಕ ಬುಟ್ಟಿಯನ್ನು ನಿಧಾನವಾಗಿ ಓರೆ ಮಾಡುತ್ತಿದ್ದಳು. ಕೇಸರಿಬಣ್ಣದ ಹೂಗಳು ಮುಳುಗದೆ, ಒಂದರ ಹಿಂದೊಂದು ಮೇಲುಮೇಲೆಯೇ ಹೋಗುತ್ತಿದ್ದವು. ಸೇತುವೆಯ ಕೆಳಗೆ ಮರೆಯಾಗುವವರೆಗೂ ಅವಳು ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಸೆರಗು ಒದರಿ, "ನಡಿ, ರೊಟ್ಟಿ ಆರೋಯ್ತದೆ" ಎನ್ನುತ್ತಿದ್ದಳು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಊರಿಗೂರೇ ಹೆದರಿ ಬಾಗಿಲು ಹಾಕಿಕೊಂಡಿದ್ದ ಆ ಎರಡು ತಿಂಗಳು ನನ್ನ ಬದುಕಿನ ಬಹಳ ಒಳ್ಳೆಯ ದಿನಗಳು. ಅಕ್ಕನ ಮದುವೆಯಾದಾಗ ನನಗೆ ಏಳು ವರ್ಷ. ಆಮೇಲೆ ಅವಳು ಹಬ್ಬಕ್ಕೆ ಬಂದು ಹೋಗುವ ಹೆಣ್ಣುಮಗಳಾದಳು; ನಾನು ಬಸ್ಸಿಗೆ ಓಡುವ ಮೇಷ್ಟ್ರಾದೆ. ಒಂದೇ ಊರಿನಲ್ಲಿದ್ದೂ ಅವಳ ಜೊತೆ ಒಂದು ಗಂಟೆ ಬಿಡುವಾಗಿ ಕುಳಿತ ನೆನಪು ನನಗಿರಲಿಲ್ಲ. ಈಗ ಎರಡು ಸಾಲುಗಳ ಆಚೀಚೆ ಕುಳಿತು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಅವಳು ಅವ್ವನ ಕತೆಗಳನ್ನು ಹೇಳುತ್ತಿದ್ದಳು: ನಾನು ಹುಟ್ಟಿದ ದಿನ ಅವ್ವ ಗದ್ದೆಯಿಂದ ನಡೆದೇ ಮನೆಗೆ ಬಂದದ್ದು, ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಅಕ್ಕ ಶಾಲೆಗೆ ಹೋಗಿ ಬೈಸಿಕೊಂಡದ್ದು, ಕೊನೆಗೆ ನನ್ನ ದೆಸೆಯಿಂದಲೇ ನಾಲ್ಕನೆಯ ತರಗತಿಗೆ ಓದು ಬಿಟ್ಟದ್ದು. ಈ ಕಡೆಯದನ್ನು ಅವಳು ದೂರಿನಂತೆ ಹೇಳಲಿಲ್ಲ. ಆದರೆ ಇಪ್ಪತ್ತಾರು ವರ್ಷ ಪಾಠ ಹೇಳಿದ ನಾನು ಅದನ್ನು ಮೊದಲ ಬಾರಿಗೆ ಕೇಳುತ್ತಿದ್ದೆ.

"ಹೂವ ಬುಡಿಸ್ತಾ ಇದ್ದೀಯೋ, ಪೇಪರ್ ತಿದ್ತಾ ಇದ್ದೀಯೋ? ಒಂದೊಂದ್ನೇ ತಿರುಗ್ಸಿ ತಿರುಗ್ಸಿ ನೋಡ್ತೀಯಲ್ಲ!"

"ಬಾಡಿದ್ದು ಬೇಡ ಅಂತ."

"ನಾಲೆಗೆ ಹಾಕೋ ಹೂವಲ್ಲಿ ಬಾಡಿದ್ದೇನು, ಅಳ್ಳಿದ್ದೇನು! ಇವ್ನ ಕೈಲಿ ಪಾಸಾಗೋ ಅಷ್ಟೊತ್ಗೆ ಹೈಕ್ಳು ಮುದುಕ್ರಾಗಿರ್ತವೆ."

ಹೀಗಿರುವಾಗ ಪಕ್ಕದ ಕಬ್ಬಿನ ಗದ್ದೆಯವರು ಒಂದು ಬೆಳಿಗ್ಗೆ ಬದುವಿನ ಮೇಲಿಂದಲೇ ಕೂಗಿದರು. ಯಾವ ಸುದ್ದಿಯನ್ನೂ ಕುಹಕವಿಲ್ಲದೆ ಹೇಳಿದವರಲ್ಲ ಅವರು.

"ಅಕ್ಕಾ, ಟಿ.ವಿ.ಲಿ ಬಂತು! ಹೂವ ಬೆಳ್ದೋರ್ಗೆ ಸರ್ಕಾರ ಪರಿಹಾರ ಕೊಡ್ತದಂತೆ. ನಾಲೆಗೆ ಬುಟ್ಟಿದ್ನೆಲ್ಲ ಮದ್ದೂರ್ಗಂಟ ಓಗಿ ಎಣಿಸ್ಕಂಡ್ ಬನ್ನಿ!"

ಅಕ್ಕ ನಕ್ಕಳು. ಆದರೆ ಅವರು ಅತ್ತ ಹೋದ ಮೇಲೆ ಕೈ ನಿಲ್ಲಿಸಿ ಕೇಳಿದಳು: "ದಿಟವೇನ್ಲಾ? ನನ್ನಂತೋರ್ಗೂ ಕೊಟ್ಟಾರಾ?"

"ಹೂ ಬೆಳೆದವರಿಗೆ ಅಂದಮೇಲೆ ನಿನಗೆ ಕೊಡದೆ ಇನ್ನಾರಿಗೆ ಕೊಡುತ್ತಾರೆ?"

"ದುಡ್ಡು ಎಷ್ಟಾರ ಕೊಡ್ಲಿ ಬುಡು. ಇವ್ಳೂ ಒಬ್ಳು ಬೆಳೀತಾಳೆ ಅಂತ ಬರ್ಕತಾರಲ್ಲ, ಅದು. ನಿಮ್ಮ ಬಾವಂಗೆ ತೋರುಸ್ಬೇಕು."

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಅದನ್ನು ಮಾಡಿಸಿಕೊಡುವುದು ನನ್ನ ಕೆಲಸವೆಂದು ಆ ಕ್ಷಣದಲ್ಲೇ ನಿಶ್ಚಯಿಸಿಕೊಂಡೆ. ಅರ್ಜಿ, ನಮೂನೆ, ಲಗತ್ತು, ಇವು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯಗಳು.

ಗ್ರಾಮ ಪಂಚಾಯ್ತಿಯಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ಅಕ್ಕನ ಪಟ್ಟೆಯ ಸುಳಿವೇ ಇರಲಿಲ್ಲ. ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿಗೆಲ್ಲ ಕಬ್ಬು, ಭತ್ತ ಎಂದಷ್ಟೇ ದಾಖಲಾಗಿತ್ತು. ಬಿಟ್ಟುಹೋದವರು ಅರ್ಜಿ ಕೊಡಬಹುದೆಂದರು. ಅಕ್ಕನನ್ನು ಗಿಡಗಳ ನಡುವೆ ನಿಲ್ಲಿಸಿ ಫೋಟೋ ತೆಗೆದೆ. ಅವಳು ಮನೆಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಇಬ್ಬರೂ ಹೋಬಳಿಯ ಕಚೇರಿಗೆ ಹೋದೆವು. ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಒಬ್ಬೊಬ್ಬರೇ ನಿಂತು ಸರದಿ ಕಾದೆವು. ಬೆಳೆಗಾರರ ಹೆಸರಿನ ಮುಂದೆ ನಾನು ಅಕ್ಕನ ಹೆಸರನ್ನು ದುಂಡಗೆ ಬರೆದಿದ್ದೆ. ಮೇಜಿನ ಆಚೆ ಕುಳಿತಿದ್ದ ಹೆಣ್ಣುಮಗಳು ಅದನ್ನು ಪಹಣಿಯ ಜೊತೆ ಹಿಡಿದು ನೋಡಿ ತಲೆಯಾಡಿಸಿದರು.

"ಸಾರ್, ಪಾಣೀಲಿ ಯಾರ ಹೆಸ್ರು ಅದೋ ಅವ್ರದ್ದೇ ಬರೀಬೇಕು. ಇವ್ರ ಹೆಸ್ರು ಹಾಕಿದ್ರೆ ಕಂಪ್ಯೂಟರ್ ತಗಳಾಕಿಲ್ಲ."

"ಆದರೆ ಬೆಳೆದವರು ಇವರೇ ಅಮ್ಮಾ."

"ಇರ್ಬೋದು ಸಾರ್. ನಾನೇನ್ ಇಲ್ಲ ಅಂದ್ನಾ? ಬೇರೆ ಫಾರಂ ತಗಳಿ, ಹಿಂದೆ ಜನ ಅವ್ರೆ."

ಬೇರೆ ನಮೂನೆ ತೆಗೆದುಕೊಂಡು ನನ್ನ ಹೆಸರು ಬರೆದೆ. ಕೆಳಗೆ ಸ್ವಯಂ ಘೋಷಣೆ ಇತ್ತು. "ಏನ್ ಬರ್ದದೆ, ವಸಿ ಓದು" ಎಂದಳು ಅಕ್ಕ. ಓದಿದೆ: ಮೇಲ್ಕಂಡ ಜಮೀನಿನಲ್ಲಿ ನಾನೇ ಸ್ವತಃ ಹೂವಿನ ಬೆಳೆ ಬೆಳೆದಿರುತ್ತೇನೆ, ಇದು ಸತ್ಯವಾಗಿರುತ್ತದೆ. ಅಕ್ಕ, "ಅಂತೂ ಎಲ್ಡ್ ತಿಂಗ್ಳಲ್ಲಿ ನೀನೇ ಬೆಳ್ದ್‌ಬುಟ್ಟೆ ಅನ್ನು" ಎಂದು ನಕ್ಕಳು. ಆ ಘೋಷಣೆಯ ಕೆಳಗೆ ನಾನು ಸಹಿ ಹಾಕಿದೆ. ಮಕ್ಕಳು ಪಕ್ಕದವನ ಪುಸ್ತಕ ನೋಡಿ ಬರೆದ ಒಂದು ಪದವನ್ನೂ ನಾನು ಕ್ಷಮಿಸಿದವನಲ್ಲ. ಮನೆಗೆ ಬರುವ ದಾರಿಯಲ್ಲಿ ಅಕ್ಕ ಬೇರೇನೇನೋ ಮಾತಾಡುತ್ತಿದ್ದಳು. ನನಗೆ ಯಾವುದೂ ಕಿವಿಗೆ ಹೋಗಲಿಲ್ಲ.

ಮಳೆಗಾಲದಲ್ಲಿ ಹಣ ನನ್ನ ಖಾತೆಗೆ ಬಂತು. ಅದನ್ನು ಅಕ್ಕನಿಗೆ ಮುಟ್ಟಿಸುವ ಕ್ರಮವನ್ನು ನಾನು ಬಹಳ ಯೋಚಿಸಿ ಗೊತ್ತುಮಾಡಿದೆ. ಮನೆಮಗಳ ಕೈಗೆ ಬರಿದುಡ್ಡು ಕೊಡಬಾರದೆಂದು ಅವ್ವ ಹೇಳುತ್ತಿದ್ದಳು. ಆದ್ದರಿಂದ ನನ್ನ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದು ಕುಪ್ಪಸದ ಕಣ ಜೋಡಿಸಿದಳು. ಅದರ ಮೇಲೆ ಹಣವನ್ನಿಟ್ಟೆ. ಜೊತೆಗೆ ಒಂದು ಕಾಗದವನ್ನೂ ಬರೆದೆ. ಕಚೇರಿಯಲ್ಲಿ ಹಾಕಿದ ಆ ಸುಳ್ಳು ಸಹಿಗೆ ಎದುರಾಗಿ ಒಂದು ನಿಜವಾದ ಕಾಗದ ಮನೆಯಲ್ಲಿರಬೇಕೆಂಬುದು ನನ್ನ ಹಂಬಲ. ಈ ಜಮೀನಿನಲ್ಲಿ ನಲವತ್ತು ವರ್ಷಗಳಿಂದ ಹೂ ಬೆಳೆಯುತ್ತಿರುವವರು ನನ್ನ ಅಕ್ಕ. ಸರ್ಕಾರ ಕೊಟ್ಟ ಪರಿಹಾರ ಸಂಪೂರ್ಣವಾಗಿ ಅವರದು. ಅದನ್ನು ಅವರಿಗೆ ಒಪ್ಪಿಸಿದ್ದೇನೆ. ಪಡೆದುದಕ್ಕೆ ಅವರ ಸಹಿ. ಮೂರು ಬಾರಿ ತಿದ್ದಿ, ನಾಲ್ಕನೆಯ ಬಾರಿ ಒಳ್ಳೆಯ ಹಾಳೆಯಲ್ಲಿ ಬರೆದಿದ್ದೆ.

ಅಕ್ಕ ಬಂದು ಪಡಸಾಲೆಯಲ್ಲಿ ಕುಳಿತಳು. ಹೆಂಡತಿ ತಟ್ಟೆಯನ್ನು ಮುಂದಿಟ್ಟಳು. ಅಕ್ಕ ತಟ್ಟೆಯನ್ನು ನೋಡಿದಳು, ಕಾಗದವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು.

"ಎಲ್ಲಿ ಹಾಕ್ಬೇಕು ಯೋಳು."

"ಮೊದಲು ಓದು ಅಕ್ಕಾ. ಓದದೆ ಸಹಿ ಹಾಕಬಾರದು."

"ಓದೋದೇನ್ಲಾ? ನೀನ್ ಬರ್ದಿದ್ದಲ್ವಾ."

ನಾಲ್ಕನೆಯ ತರಗತಿಯವರೆಗೆ ಕಲಿತ ಅಕ್ಷರದಲ್ಲಿ, ಒಂದೊಂದನ್ನೂ ಒತ್ತಿ ಒತ್ತಿ ಹೆಸರು ಬರೆದಳು. ಕುಂಕುಮವಿಟ್ಟುಕೊಂಡು, ಎಲ್ಲವನ್ನೂ ಮಡಿಲಿಗೆ ತೆಗೆದುಕೊಂಡು ಎದ್ದಳು. ಹೊಸಿಲ ಬಳಿ ನಿಂತು, "ಸಂದಾಕಿರಪ್ಪ. ಗೌರಿಹಬ್ಬಕ್ಕೆ ಕರೆಯೋದ ಮಾತ್ರ ಮರೀಬ್ಯಾಡ" ಎಂದಳು. ಯಾವ ವರ್ಷ ಮರೆತಿದ್ದೇನೆಂದು ನಾನು ನಕ್ಕೆ. ಅವಳು ಓದಲಿಲ್ಲವಲ್ಲ ಎಂಬ ಸಣ್ಣ ಬೇಸರವನ್ನು ಬಿಟ್ಟರೆ ಆ ದಿನ ನಾನು ನೆಮ್ಮದಿಯಾಗಿ ಮಲಗಿದೆ.

ಮರುದಿನ ಹೂ ಬಿಡಿಸುವ ದಿನ. ಅಕ್ಕ ಬರಲಿಲ್ಲ. ಅದರ ಮುಂದಿನ ಸರದಿಗೂ ಬರಲಿಲ್ಲ.

ಮೊದಲು ರೋಗದ ಭಯವೆಂದುಕೊಂಡೆ. ಆಗ ನಮ್ಮ ಸುತ್ತಿನ ಊರುಗಳಲ್ಲೂ ಕಾಣಿಸಿಕೊಂಡಿತ್ತು. ಆಮೇಲೆ ಮಂಡಿನೋವೆಂದುಕೊಂಡೆ. ತಿಂಗಳು ಕಳೆದ ಮೇಲೆ ನನ್ನೊಳಗೆ ನಿಂತದ್ದು ಒಂದೇ ಊಹೆ: ನಾನೇ ಬೆಳೆದೆನೆಂದು ಸಹಿ ಹಾಕಿದ್ದು ಅವಳಿಗೆ ನೋವಾಗಿದೆ. ತಪ್ಪು ನನ್ನದಾದ್ದರಿಂದ ಕೇಳುವುದಕ್ಕೆ ನಾಲಿಗೆ ಏಳಲಿಲ್ಲ. ವಿಚಿತ್ರವೆಂದರೆ ಎದುರಿಗೆ ಸಿಕ್ಕಾಗ ಅವಳಲ್ಲಿ ಕೋಪದ ಗುರುತೇ ಇರುತ್ತಿರಲಿಲ್ಲ. ಗೌರಿಹಬ್ಬಕ್ಕೆ ಬಂದಳು, ಬಾಗಿನ ತೆಗೆದುಕೊಂಡಳು, ನನ್ನ ಹೆಂಡತಿಯ ಒಬ್ಬಟ್ಟಿಗೆ ಹೆಸರಿಟ್ಟಳು. ಗದ್ದೆಯ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಆ ಪಟ್ಟೆಗೆ ಕೈ ಹಚ್ಚಲಿಲ್ಲ. ಅವಳಿಲ್ಲದೆ ಅಲ್ಲಿ ಕುಳಿತು ಒಂದು ಹೂ ಬಿಡಿಸುವುದೂ ಅಪಚಾರವೆನಿಸಿತು. ಹೂ ಬಾಡಿತು, ತೆನೆ ಒಣಗಿತು, ಬೀಜ ಕಟ್ಟಿತು. ಒಣಗಿದ ಕಾಯಿಗೆ ನೀರು ತಗುಲಿದರೆ ಚಟ್ಟೆಂದು ಸಿಡಿಯುತ್ತದೆ. ಹಿಂಗಾರಿನ ಮೊದಲ ಹನಿ ಬಿದ್ದ ಮಧ್ಯಾಹ್ನ ನಾನು ಪಂಪಿನ ಮನೆಯ ಸೂರಿನ ಕೆಳಗೆ ನಿಂತಿದ್ದೆ. ಎಂಟು ಗುಂಟೆಯೂ ಒಟ್ಟಿಗೆ ಚಟಪಟ ಸಿಡಿಯಿತು. ಅಕ್ಕನಿದ್ದ ನಲವತ್ತು ವರ್ಷದಲ್ಲಿ ಆ ಸದ್ದು ಆ ಪಟ್ಟೆಯಲ್ಲಿ ಕೇಳಿರಲಾರದು. ಆಮೇಲೆ ಕಳೆ ಬೆಳೆಯಿತು. ಶಾಲೆ ತೆರೆದಾಗ ನಾನು ಮರಳಿ ಹೋಗಲಿಲ್ಲ. ಕಬ್ಬು, ಭತ್ತವೆಂದು ಇಲ್ಲೇ ಉಳಿದೆ. ಬೆಳಿಗ್ಗೆ ನೀರು ತಿರುಗಿಸಲು ಹೋದಾಗಲೆಲ್ಲ ನನ್ನ ಕಣ್ಣು ಆ ಮೂಲೆಗೇ ಹೋಗುತ್ತಿತ್ತು. "ಏನ್ಲಾ ಮೇಷ್ಟ್ರೇ" ಎಂಬ ಕೂಗಿಗಾಗಿ ಕಿವಿ ಕಾಯುತ್ತಿತ್ತು. ಇಡೀ ಲೋಕ ಮರೆಯಬಯಸುವ ಆ ಕೆಟ್ಟ ಬೇಸಿಗೆಯನ್ನು ಮರಳಿ ಬೇಡಿಕೊಳ್ಳುವ ಮನುಷ್ಯ ನಾನೊಬ್ಬನೇ ಇರಬೇಕೆಂದು ನಾಚಿಕೆಯಾಗುತ್ತಿತ್ತು.

ಹೀಗೆ ಎರಡು ವರ್ಷ ಕಳೆದವು. ಅಕ್ಕನ ಮಗಳನ್ನು ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಕಡೆ ಕೊಟ್ಟಿದೆ. ಅವಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ, ಊಟವಾದ ಮೇಲೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು.

"ಮಾವ, ಒಂದ್ ಮಾತು ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಅವ್ವನ ಕೈಲಿ ಆ ಹೂವಿನ್ ಪಟ್ಟೆಯ ಬುಡಿಸ್ಕಬಾರ್ದಿತ್ತು ನೀವು."

"ಬಿಡಿಸಿಕೊಂಡೆನೇ? ನಾನೇ?"

"ಅರಿಶ್ಣ ಕುಂಕ್ಮ ಕೊಟ್ಟು, ದುಡ್ಡು ಕೊಟ್ಟು, ಸೈನ್ ಹಾಕಿಸ್ಕಂಡ್ರಂತಲ್ಲ. ಅವ್ವ ನಿಮ್ಮ ಮೇಲೆ ಒಂದ್ ಮಾತೂ ಆಡ್ನಿಲ್ಲ. ನಾನೇ ಯೋಳ್ತಿರೋದು."

ನಿಂತಲ್ಲೇ ನನಗೆ ಎಲ್ಲವೂ ಕಾಣಿಸಿತು. ನಮ್ಮ ಕಡೆ ಅಣ್ಣತಮ್ಮಂದಿರು ಜಮೀನಿನ ಮೇಲಿನ ಹಕ್ಕನ್ನು ಅಕ್ಕತಂಗಿಯರಿಂದ ಬಿಡಿಸಿಕೊಳ್ಳುವುದು ಹೀಗೆಯೇ. ತಟ್ಟೆ, ಅರಿಶಿನ ಕುಂಕುಮ, ಕಣ, ಅದರ ಮೇಲೆ ಒಂದಿಷ್ಟು ಹಣ, ಒಂದು ಸಹಿ. ಬಾಯಿಬಿಟ್ಟು ಯಾರೂ ಏನನ್ನೂ ಹೇಳುವುದಿಲ್ಲ. ಹೇಳಬೇಕಾದದ್ದನ್ನು ತಟ್ಟೆಯೇ ಹೇಳುತ್ತದೆ. ಆಮೇಲೆ ಆ ಹೆಣ್ಣುಮಗಳು ಆ ನೆಲಕ್ಕೆ ಕಾಲಿಡುವುದಿಲ್ಲ. ಹತ್ತಾರು ಮನೆಗಳಲ್ಲಿ ಇದನ್ನು ಕಂಡಿದ್ದವನು ನಾನು. ಸಾಕ್ಷಿಯಾಗಿ ಸಹಿಯನ್ನೂ ಹಾಕಿದ್ದೆ. ನನ್ನ ಮನೆಯ ಪಡಸಾಲೆಯಲ್ಲಿ ನಾನೇ ಅದನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟೆನೆಂದು ಎರಡು ವರ್ಷ ನನಗೆ ಹೊಳೆಯಲಿಲ್ಲ.

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ, ಪಾಂಡವಪುರದಲ್ಲಿ ಇಳಿದು, ಮನೆಗೆ ಬಂದವನೇ ಬೀರುವಿನ ಕಡತದಿಂದ ಆ ಕಾಗದವನ್ನು ತೆಗೆದುಕೊಂಡು ಮೇಲಿನ ಬೀದಿಗೆ ಹೋದೆ. ಗೃಹಪ್ರವೇಶದಿಂದ ಮುಂಚಿನ ಬಸ್ಸಿಗೇ ಮರಳಿದ್ದ ಅಕ್ಕ ಜಗಲಿಯ ಮೇಲೆ ಕಾಲು ನೀಡಿ ಅವರೆಕಾಯಿ ಸುಲಿಯುತ್ತಿದ್ದಳು.

"ಇದನ್ನು ಓದುತ್ತೇನೆ, ಕೇಳು" ಎಂದೆ.

"ಅದ್ಯಾಕ್ಲಾ ಈಗ? ಕೊಟ್ಟಾಯ್ತಲ್ಲ."

ಓದಿದೆ. ಈ ಜಮೀನಿನಲ್ಲಿ ನಲವತ್ತು ವರ್ಷಗಳಿಂದ ಹೂ ಬೆಳೆಯುತ್ತಿರುವವರು ನನ್ನ ಅಕ್ಕ ಎಂಬಲ್ಲಿ ಅವಳ ಕೈ ನಿಂತಿತು. ಕೊನೆಯವರೆಗೂ ಓದಿ ಮುಗಿಸಿದಾಗ, "ಇನ್ನೊಂದ್ ಕಿತ ಓದು" ಎಂದಳು. ಇನ್ನೊಮ್ಮೆ ಓದಿದೆ. ಕಾಗದವನ್ನು ಕೈಗೆ ತೆಗೆದುಕೊಂಡು ತನ್ನ ಹೆಸರಿದ್ದ ಜಾಗವನ್ನು ಬೆರಳಿನಿಂದ ಹುಡುಕಿದಳು.

"ಇದ ಅವತ್ತೇ ಬಾಯಲ್ಲಿ ಯೋಳಕ್ಕೆ ಏನಾಗಿತ್ಲಾ ನಿಂಗೆ? ಊರೋರ್ ಮಕ್ಳಿಗೆಲ್ಲಾ ಬಾಯ್ ಬಡ್ಕಂಡ್ ಪಾಠ ಯೋಳಿದ್ದೀಯಲ್ಲ!"

"ನೀನಾದರೂ ಒಂದು ಮಾತು ಕೇಳಬಾರದಿತ್ತೇ ಅಕ್ಕಾ? ಯಾಕೆ ಅಂತ?"

ಅವಳು ಸುಲಿದ ಕಾಳನ್ನು ಮೊರದಲ್ಲಿ ಒಂದು ಬದಿಗೆ ಸರಿಸಿದಳು. "ಯಾಕೆ ಅಂತ ತವರಲ್ಲಿ ಕೇಳ್ಬಾರ್ದು ಕಣಪ್ಪ. ಕೇಳಿದ್ರೆ ತವ್ರು ಓಯ್ತದೆ. ಎಂಟ್ ಗುಂಟೆ ಓದ್ರೆ ಓಗ್ಲಿ, ಗೌರಿಹಬ್ಬಕ್ಕೆ ಕರೆಯೋನು ಒಬ್ಬ ಇರ್ಲಿ ಅಂದ್ಕಂಡೆ." ಇನ್ನೊಂದು ಕಾಯಿ ಕೈಗೆತ್ತಿಕೊಂಡು ಮತ್ತೆ ಹೇಳಿದಳು: "ಬುಡಿಸ್ಕಂಡಿದ್ಕಿಂತ, ಬುಡಿಸ್ಕಂಡು ಬೀಳು ಬುಟ್ನಲ್ಲ ಅಂತ ಒಟ್ಟೆ ಉರೀತಿತ್ತು. ಬಸ್ಸಲ್ಲಿ ಓಗೋವಾಗ ಆ ಕಡಿಕ್ಕೆ ನೋಡ್ತಾನೆ ಇರ್ಲಿಲ್ಲ."

ನಿನಗಾಗಿಯೇ ಬಿಟ್ಟಿದ್ದೆ ಎಂದು ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂತಾ ದಡ್ಡ ಮೇಷ್ಟ್ರಲಾ ನೀನು" ಎಂದು ಜೋರಾಗಿ ನಕ್ಕಳು. ಒಳಗಿನಿಂದ ಬಾವ ಏನಾಯಿತೆಂದು ಕೇಳಿದರು. ಅವಳು ಕಾಗದವನ್ನು ಅವರ ಕೈಗೆ ಕೊಟ್ಟು, "ಓದ್ಕಳಿ, ಜಡೆ ಕರ್ಚಂತೆ" ಎಂದಳು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಕಳೆದ ಎರಡು ವರ್ಷ ಅಕ್ಕನ ಮಂಡಿಯಲ್ಲಿ ಕುಳಿತುಬಿಟ್ಟಿದ್ದವು. ಕನಕಾಂಬರದ ಕೆಲಸವೆಲ್ಲ ಕುಕ್ಕರಗಾಲಿನ ಕೆಲಸ. ಅವಳಿಗೆ ಈಗ ಕಾಲು ಮಡಿಸುವುದೇ ಕಷ್ಟ. "ಬತ್ತೀನಿ ಬುಡು, ವಸಿ ಕಾಲು ಸುಧಾರಿಸ್ಲಿ" ಎನ್ನುತ್ತಾಳೆ. ಹಬ್ಬ ಕಳೆಯಲಿ, ಚಳಿ ಕಳೆಯಲಿ ಎನ್ನುತ್ತಾಳೆ. ನಾನು ಕಳೆ ಕಿತ್ತಿದ್ದೇನೆ. ಸಿಡಿದ ಬೀಜದಿಂದ ತಾವಾಗಿ ಹುಟ್ಟಿದ ಗಿಡಗಳು ಸಾಲೂ ಇಲ್ಲದೆ ಅಂತರವೂ ಇಲ್ಲದೆ ಎಲ್ಲೆಂದರಲ್ಲಿ ನಿಂತಿವೆ. ಅವನ್ನು ಹಾಗೆಯೇ ಉಳಿಸಿಕೊಂಡು ವಾರಕ್ಕೊಮ್ಮೆ ನೀರು ಹಾಯಿಸುತ್ತೇನೆ. ಬದುವಿನ ಮೇಲೆ ಅವಳು ಕೂರಲೆಂದು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದೇನೆ. ಅದರ ಮೇಲೆ ಇಬ್ಬನಿ ಬೀಳುತ್ತದೆ, ಒಣಗುತ್ತದೆ.

ಮೊನ್ನೆ ಕಬ್ಬಿನ ಗದ್ದೆಯವರು ಬಂದು ಆ ಕುರ್ಚಿಯ ಬೆನ್ನಿಗೆ ಕೈಯೂರಿ ನಿಂತರು.

"ಏನ್ ಮೇಷ್ಟ್ರೇ, ಎಷ್ಟ್ ದಿನ ಇಂಗೇ ಮಡಿಕ್ಕತೀರಿ? ಗುತ್ತಿಗೆಗಾದ್ರೂ ಕೊಡಿ. ನಮ್ಮ ಕಬ್ಬಿನ್ ಜೊತೇಲಿ ಸೇರಿಸ್ಕತೀನಿ."

"ನನ್ನನ್ನು ಕೇಳಬೇಡಿ. ಅಕ್ಕನನ್ನು ಕೇಳಿ" ಎಂದೆ.

ಅವರು ನಿಜವಾಗಿಯೂ ಹೋಗಿ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಸಂಜೆ ಪಂಪು ನಿಲ್ಲಿಸಲು ಹೋದಾಗ ಬದುವಿನ ಮೇಲೆ ಸಿಕ್ಕರು. ಮುಖ ಸಪ್ಪೆಯಾಗಿತ್ತು.

"ಏನೆಂದಳು?"

"ಏನಂತಾರೆ? ಚೆನ್ನಾಗಿ ಉಗ್ದು ಕಳ್ಸಿದ್ರು. ನನ್ ಪಟ್ಟೆ ತಂಟೆಗೆ ಯಾರೂ ಬರಬ್ಯಾಡಿ, ನಾನ್ ಬರೋಗಂಟ ಅದು ಅಂಗೇ ಇರ್ಲಿ ಅಂದ್ರು."

"ನಾನು ಬರುವವರೆಗೆ ಅಂದಳೇ?"

"ಊಂ ಕಣ್ರೀ ಮೇಷ್ಟ್ರೇ. ನಾನ್ ಬರೋಗಂಟ ಅಂತ್ಲೇ ಅಂದ್ರು."

ಇನ್ನೊಮ್ಮೆ ಹೇಳಿ ಎಂದು ಕೇಳಬೇಕೆನಿಸಿತು. ಅವರು ಆಗಲೇ ಬದು ದಾಟಿ ಹೋಗುತ್ತಿದ್ದರು.